ಒಬ್ಬರ ತುರಿಕೆ, ಇನ್ನೊಬ್ಬರ ತಲೆಗೆ

ದಿಂಬಿನ ಚೀಲವನ್ನು ನೀವಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲೆ ದೂಡುತ್ತಿರುವಾಗಲೇ ಅಕ್ಕನ ಅಂಗೈ ಮತ್ತೆ ತುರಿಸಲು ಶುರುಮಾಡಿತು. ಆ ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ. ಹೋಟೆಲುಗಳ ಹಾಸು ಹೊದಿಕೆಗಳೆಲ್ಲ ಅವಳ ಕೈ ದಾಟಿಯೇ ಹೊರಗೆ ಹೋಗಬೇಕು. ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಬೆನ್ನಿಗೆ, ಇರುವೆ ಸಾಲು ದಾರಿ ಕಂಡುಕೊಂಡ ಹಾಗೆ ತುರಿಕೆ ಏರಿತು. ಉಗುರು ಹಾಕುವಂತಿಲ್ಲ; ಹಾಕಿದರೆ ಚರ್ಮ ಕಿತ್ತು ಬಿಳಿ ಬಟ್ಟೆಗೆ ರಕ್ತ ತಾಗುತ್ತದೆ. ಮೇಜಿನ ಕೆಳಗೆ ಬಕೆಟ್ಟಿನಲ್ಲಿ ಅದ್ದಿಟ್ಟಿದ್ದ ವಸ್ತ್ರವನ್ನು ಹಿಂಡಿ, ಬೆವರು ಒರೆಸುವ ನೆಪದಲ್ಲಿ ಮುಂಗೈಗೆ ಒತ್ತಿ ಹಿಡಿದಳು. ತಂಪು ಸ್ವಲ್ಪ ಹೊತ್ತು ನಿಂತಿತು. ಇಸ್ತ್ರಿಯ ಬಿಸಿ ಅದನ್ನೂ ನುಂಗಿತು.

ಅವಳದು ಲಿವರಿನ ಕಾಯಿಲೆ. ಪಿತ್ತ ಹರಿಯುವ ಸಣ್ಣ ನಾಳಗಳು ಹಾಳಾಗುತ್ತ ಬಂದಿವೆ, ಅದಕ್ಕೇ ಈ ತುರಿಕೆ ಎಂದು ಡಾಕ್ಟರಮ್ಮ ವಿವರಿಸಿದ್ದರು. ಬಲಪಕ್ಕೆಯ ಮಂದ ನೋವಿಗೆ ಅಂಗಡಿಯ ಮಾತ್ರೆಯನ್ನು ಕೇಳದೆ ನುಂಗಬೇಡಿ, ಬಿಸಿಯಿಂದ ದೂರವಿರಿ, ಬಟ್ಟೆ ಮಡಿಸುವ ಕೆಲಸ ಕೊಡಿ ಅಂತ ಲಾಂಡ್ರಿಯ ಯಜಮಾನರಿಗೆ ಒಂದು ಕಾಗದ ಬರೆಯಿರಿ ಎಂದಿದ್ದರು. ಇದು ಕುಡಿತದಿಂದ ಬಂದದ್ದಲ್ಲ, ಯಾರಿಗೂ ಅಂಟುವುದೂ ಇಲ್ಲ ಎಂದು ಒತ್ತಿ ಹೇಳಿದ್ದರು. ಹೇಳಿದರೇನು, ಜನರ ಬಾಯಿಗೆ ಬೀಗವುಂಟೇ? ಲಿವರ್ ಎಂದ ಕೂಡಲೇ ಲೋಕ ಬಾಟಲಿಯನ್ನೇ ಹುಡುಕುವುದು.

ಗಂಡ ಆ ದಿನವೇ ನಕ್ಕಿದ್ದ. "ವಾರಕ್ಕೊಂದು ಸಲ ಕುಡಿಯೋನು ನಾನು, ಲಿವರ್ ಕೆಟ್ಟಿದ್ದು ನಿಂದು. ಮೇಲಿರೋನು ಮನೆ ನಂಬರ್ ಸರಿಯಾಗಿ ನೋಡಿದ, ಆಳು ನೋಡಲಿಲ್ಲ."

ಅವಳೂ ನಕ್ಕಳು. ಆಮೇಲೆ, "ಹೊರಗಡೆ ಯಾರ ಹತ್ರಾನೂ ಬಾಯಿ ಬಿಡಬೇಡಿ" ಅಂದಳು.

ತುರಿಕೆಗೆಂದು ನೀರಲ್ಲಿ ಕದಡಿ ಕುಡಿಯುವ ಪುಡಿಯೊಂದು ಇತ್ತು. ಅದಕ್ಕೂ ಉಳಿದ ಮಾತ್ರೆಗೂ ನಾಲ್ಕು ಗಂಟೆಯ ಅಂತರ ಬೇಕು, ಇಲ್ಲದಿದ್ದರೆ ಪುಡಿ ಮಾತ್ರೆಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಅಂತರ ಇಡಬೇಕೆಂದರೆ ಕೆಲಸದ ಜಾಗದಲ್ಲಿ ಎಲ್ಲರೆದುರು ಲೋಟ ಕದಡಬೇಕು. ಅದಕ್ಕೆ ನಾಚಿ ಬೆಳಗ್ಗೆ ಮನೆಯಲ್ಲೇ ಎರಡನ್ನೂ ಒಟ್ಟಿಗೆ ಗಂಟಲಿಗಿಳಿಸಿ ಬರುತ್ತಿದ್ದಳು. ಕಾಗದವೂ ಅಷ್ಟೇ. 'ಯಜಮಾನರಿಗೆ ನಮಸ್ಕಾರಗಳು' ಎಂಬಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಹೀಗೇ ತಿಂಗಳುಗಳು ಉರುಳಿದವು.

ಹೋದ ವಾರ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯ ಕಣ್ಣಿಗೆ ಬಿದ್ದಳು.

"ಏನಕ್ಕಾ, ಆವಾಗಿಂದ ಕೆರ್ಕೊಳ್ತಾನೇ ಇದೀಯ?"

"ಏನಿಲ್ಲ ಮೇಸ್ತ್ರಿ. ಆ ಕೊಳೆ ಬಟ್ಟೆ ಕಡೆ ಹೋಗಿದ್ದೆ, ಅಲ್ಲಿಂದ ಏನೋ ಹತ್ತಿರಬೇಕು."

ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು, ಅಷ್ಟೇ. ಆದರೆ ಕೊಳೆ ಬಟ್ಟೆ ವಿಂಗಡಿಸುವವಳು ಒಬ್ಬಳೇ. ತೆಳ್ಳಗೆ, ಚುರುಕಾಗಿದ್ದ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳ ದುಡಿಮೆಯಲ್ಲೇ ಅವಳೂ ತಾಯಿಯೂ ಉಣ್ಣಬೇಕು. ತುರಿಕೆಯೋ ಆಕಳಿಕೆಯ ಅಣ್ಣ. ಒಬ್ಬರದು ನೋಡಿದರೆ ಇನ್ನೊಬ್ಬರಿಗೆ. ಅಕ್ಕನನ್ನು ನೋಡಿ ಮಡಿಸುವ ಹೆಂಗಸರು ತೋಳು ಕೆರೆದರು, ಅವರನ್ನು ನೋಡಿ ಮೆಷಿನ್ನಿನವನು ಕತ್ತು ಕೆರೆದ, ಕೊನೆಗೆ ಮೇಸ್ತ್ರಿಯೇ ಲೆಕ್ಕ ಬರೆಯುವ ಪೆನ್ನಿನಿಂದ ಬೆನ್ನು ಕೆರೆದುಕೊಂಡ. ಕೆರೆದದ್ದೇ, ಇದು ಅಂಟುವ ಕಜ್ಜಿಯೇ ಎಂದು ಅವನಿಗೆ ಖಾತ್ರಿಯಾಯಿತು.

ಈ ಬೆಳಗ್ಗೆ ಎಲ್ಲರೆದುರೇ ಅಂದ, "ಗುಬ್ಬಿ, ನಿನ್ನ ಕೊಳೆ ಬಟ್ಟೆಯಿಂದ ಎಲ್ರಿಗೂ ಕಜ್ಜಿ ಹತ್ತಿದೆ, ನಾಳೆಯಿಂದ ಬರಬೇಡ. ಯಜಮಾನರಿಗೆ ಚೀಟಿ ಬರೆದಿದೀನಿ, ಸಂಜೆ ವ್ಯಾನಲ್ಲಿ ಹೋಗುತ್ತೆ. ಅವರು ಹೂಂ ಅಂದ್ರೆ ಮುಗೀತು."

"ನನ್ನ ಕೈ ನೋಡಿ ಮೇಸ್ತ್ರಿ. ಒಂದು ಗುಳ್ಳೆ ಇದ್ರೆ ತೋರಿಸಿ."

"ಕಜ್ಜಿ ಏನು ನಿನ್ನ ಕೇಳಿ ಏಳುತ್ತಾ?"

ಅಕ್ಕ ತಲೆ ಎತ್ತಲಿಲ್ಲ. ಇಸ್ತ್ರಿ ಆಗಿದ್ದ ಚೀಲಕ್ಕೇ ಮತ್ತೆ ಇಸ್ತ್ರಿ ಹಾಕಿದಳು.

ಊಟದ ಹೊತ್ತಿಗೆ ಗುಬ್ಬಿ ಬಂದು ಮೇಜಿನಿಂದ ಮಾರು ದೂರ ನಿಂತಳು. ಮುಲಾಮಿನ ಟ್ಯೂಬೊಂದನ್ನು ಸ್ಟೂಲಿನ ಮೇಲಿಟ್ಟು ಹಿಂದೆ ಸರಿದಳು.

"ಹತ್ರ ಬರಲ್ಲ ಅಕ್ಕಾ. ಇದನ್ನ ಹಚ್ಕೊಳ್ಳಿ. ನಾನೂ ಮೈತುಂಬ ಹಚ್ಕೊಂಡಿದೀನಿ, ಉರಿ ತಡೆಯಕ್ಕಾಗಲ್ಲ. ನನ್ನಿಂದ ನಿಮಗೆ ಬಂತಲ್ಲ ಅಂತ ಸಂಕಟ ಆಗ್ತಿದೆ."

ಅಕ್ಕನ ಕೈ ತಾನಾಗಿ ಬಲಪಕ್ಕೆಗೆ ಹೋಯಿತು.

"ನೋವಾ? ನನ್ನ ಚೀಲದಲ್ಲಿ ನೋವಿನ ಮಾತ್ರೆ ಇದೆ, ಕೊಡ್ಲಾ?"

"ಬೇಡಮ್ಮ. ನಾನು ಅದನ್ನ ತಗೊಳ್ಳೋ ಹಾಗಿಲ್ಲ."

"ಯಾಕೆ?"

ಇಷ್ಟು ದಿನ ಯಾರೂ ಇಷ್ಟು ಮೆತ್ತಗೆ ಕೇಳಿರಲಿಲ್ಲ. ಸುಳ್ಳು ಹುಡುಕಿದಳು, ಸಿಗಲಿಲ್ಲ.

"ನಂಗೆ ಲಿವರ್ ಕಾಯಿಲೆ. ತುರಿಕೆ ಅದರದ್ದೇ."

ಗುಬ್ಬಿ ಒಂದು ಹೆಜ್ಜೆ ಮುಂದೆ ಬಂದಳು. "ಅಂದ್ರೆ ಇದು ಅಂಟೋದಲ್ವಾ?"

"ಅಲ್ಲ."

"ಮತ್ತೆ ಕೊಳೆ ಬಟ್ಟೆಯಿಂದ ಬಂತು ಅಂತ ಮೇಸ್ತ್ರಿಗೆ ಹೇಳಿದ್ಯಾರು?"

"ನಾನೇ."

ಬೈದಿದ್ದರೆ ಚೆನ್ನಾಗಿತ್ತು. ಗುಬ್ಬಿ ಟ್ಯೂಬನ್ನು ವಾಪಸ್ಸು ತೆಗೆದುಕೊಂಡು, ಮುಚ್ಚಳ ಬಿಗಿ ಮಾಡಿದಳು. "ಅಮ್ಮನಿಗೆ ಅಂಟದೆ ಇರಲಿ ಅಂತ ಅವರ ತಲೆ ಬಾಚೋದನ್ನೂ ಬಿಟ್ಟಿದೀನಿ ಅಕ್ಕಾ" ಎಂದಷ್ಟೇ ಹೇಳಿ ಹೊರಟುಹೋದಳು.

ಅಕ್ಕ ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಕಾಗದವೊಂದನ್ನು ಬೆಚ್ಚಗಿದ್ದ ಮೇಜಿನ ಮೇಲೆಯೇ ಹರವಿ ಬರೆದಳು. ತನಗೆ ಲಿವರಿನ ಕಾಯಿಲೆ, ತುರಿಕೆ ಅದರದ್ದು, ಅಂಟುವುದಿಲ್ಲ, ಕೊಳೆ ಬಟ್ಟೆಯ ಮಾತು ತಾನು ಹೇಳಿದ ಸುಳ್ಳು, ಗುಬ್ಬಿಯದು ಏನೇನೂ ತಪ್ಪಿಲ್ಲ. 'ನನಗೆ ಕುಡಿತದ ಅಭ್ಯಾಸವಿಲ್ಲ' ಎಂದೂ ಬರೆದಳು. ಓದಿಕೊಂಡಾಗ, ಗುಬ್ಬಿಯ ಪರವಾಗಿ ಬರೆಯಲು ಕೂತು ತನ್ನ ಮುಖವನ್ನೇ ತೊಳೆದುಕೊಳ್ಳುತ್ತಿದ್ದೇನೆ ಅನ್ನಿಸಿ ಅದನ್ನು ಹೊಡೆದುಹಾಕಿದಳು. ಮಡಿಸುವ ಕೆಲಸ ಕೇಳಲು ಇಂದು ಮುಖವಿರಲಿಲ್ಲ.

"ನಿಮ್ಮ ಚೀಟಿ ಜೊತೆ ಇದೂ ಹೋಗಬೇಕು. ಮೊದಲು ನೀವು ಓದಿ" ಎಂದು ಸಂಜೆ, ವ್ಯಾನು ತುಂಬುತ್ತಿರುವಾಗ, ಮೇಸ್ತ್ರಿಯ ಮುಂದೆ ಹಿಡಿದಳು.

ಅವನು ತುಟಿ ಅಲ್ಲಾಡಿಸುತ್ತ ಓದಿದ. "ಲಿವರಾ?" ಎಂದ, ಮೆಷಿನ್ನಿನ ಸದ್ದಿಗೂ ಮೇಲೆ. ಮಡಿಸುವ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಮುಖ ನೋಡಿ ಹುಬ್ಬು ಹಾರಿಸಿದಳು. ಅಕ್ಕ ಹೆದರಿದ್ದ ಹುಬ್ಬು ಅದೇ. ಕಿವಿ ಕಾದುಹೋಯಿತು, ನಿಂತಲ್ಲೇ ನಿಂತಳು.

ಮೇಸ್ತ್ರಿ ದನಿ ತಗ್ಗಿಸಿದ. "ನನ್ನ ಚೀಟಿ ಹರೀತೀನಿ, ನಿನ್ನ ಕಾಗದಾನೂ ಬೇಡ ಬಿಡು. ಗುಬ್ಬಿ ಇರಲಿ. ಯಜಮಾನರು ಕೇಳಿದ್ರೆ ಏನೋ ಒಂದು ಬಾಯಲ್ಲಿ ಹೇಳಿದ್ರಾಯ್ತು."

"ಬಾಯಲ್ಲಿ ಏನೋ ಒಂದು ಹೇಳಿದ್ದಕ್ಕೇ ಇಷ್ಟಾಗಿದ್ದು ಮೇಸ್ತ್ರಿ. ಇದು ಹೋಗಲಿ."

ಹೊರಗೆ ವ್ಯಾನಿನವನು ಕೊನೆಯ ಮೂಟೆ ಏರಿಸಿ ಬಾಗಿಲು ಹಾಕುತ್ತಿದ್ದ. ಅಕ್ಕ ಅವನ ಕೈಗೇ ಕಾಗದ ಕೊಟ್ಟು, "ಯಜಮಾನರಿಗೇ ಕೊಡಪ್ಪ, ಬೇರೆಯವರಿಗೆ ಬೇಡ" ಎಂದಳು. ಅವನು ಅಂಗಿಯ ಜೇಬಿಗಿಳಿಸಿಕೊಂಡು ಗಾಡಿ ಶುರು ಮಾಡಿದ. ಕರೆದರೆ ಇನ್ನೂ ಕೇಳಿಸುತ್ತಿತ್ತು. ಅವಳು ಕರೆಯಲಿಲ್ಲ. ವ್ಯಾನು ಗೇಟು ದಾಟಿ ರಸ್ತೆಗೆ ಸೇರಿತು.