ಮೊದಲ ಹಿಟ್ಟು

ದೊಡ್ಡಮನೆಯ ಪಿಚ್ಚೈಯಮ್ಮಾಳದು ಕೊಡುವ ಕೈ ಎಂದು ಊರೆಲ್ಲ ಹೇಳುತ್ತಿತ್ತು. ಹಾಗೆ ಹೇಳುವವರಲ್ಲಿ ಮೊದಲಿಗಳು ಪಿಚ್ಚೈಯಮ್ಮಾಳೇ. ಕಂಬಂ ಪೇಟೆಗೆ ಹೋದರೂ ಸರಿ, ಉತ್ತಮಪಾಳ್ಯದ ನೆಂಟರ ಮನೆಗೆ ಹೋದರೂ ಸರಿ, ಯಾರಿಗೆ ಯಾವ ಹಳೆ ಚಾಪೆ ಕೊಟ್ಟೆ, ಯಾರ ಮಗುವಿಗೆ ಯಾವ ಹರಕು ಕಂಬಳಿ ಹೊದಿಸಿದೆ ಎಂದು ಹೇಳಿಕೊಳ್ಳದೆ ಅವಳಿಗೆ ಎಲೆಅಡಿಕೆ ರುಚಿಸುತ್ತಿರಲಿಲ್ಲ.

ಆ ವರ್ಷ ಕೊಡುವುದಕ್ಕೆ ಬೇಕಾದಷ್ಟಿತ್ತು. ಮಲೆಯ ಮೇಲೆ ಕಟ್ಟಿದ ದೊಡ್ಡ ಅಣೆಯ ನೀರು ಕಣಿವೆಗೆ ಇಳಿದು ಎರಡನೆಯ ವರ್ಷ. ಜೋಳ ಬಿತ್ತುತ್ತಿದ್ದ ಹೊಲಗಳು ಗದ್ದೆಗಳಾಗಿದ್ದವು, ಗದ್ದೆ ಹೆಚ್ಚಿದ್ದವರ ಮನೆಗಳು ಹೆಂಚು ಕಂಡಿದ್ದವು. ಪಿಚ್ಚೈಯಮ್ಮಾಳ ಗಂಡ ಪೆರಿಯಣ್ಣನ್ ದಿಂಡುಗಲ್ಲಿನಿಂದ ಗಾಡಿ ತುಂಬ ಹಿತ್ತಾಳೆ ಪಾತ್ರೆ, ಕಬ್ಬಿಣದ ಪೆಟ್ಟಿಗೆ, ಎರಡು ಕೈಯಲ್ಲಿ ಎತ್ತಬೇಕಾದಂಥ ಬೀಗ ತರಿಸಿದ್ದ. ಹೊಸದು ಒಳಗೆ ಬಂದ ಮೇಲೆ ಹಳೆಯದು ಹೊರಗೆ ಹೋಗಬೇಕಲ್ಲ. ಅದಕ್ಕೆ ಸಂಕ್ರಾಂತಿಯ ಹಿಂದಿನ ಭೋಗಿಯ ದಿನವಿತ್ತು. ಅಂದು ಮನೆಗೆ ಬೇಡವಾದ ಸಾಮಾನು ಹೊಸಲು ದಾಟಿದರೆ ಅದರ ಬೆನ್ನಿಗೆ ಮೂದೇವಿಯೂ ದಾಟುತ್ತಾಳೆ ಎಂದು ಆ ಊರಿನ ಒಕ್ಕಲು ಕುಲದವರ ನಂಬಿಕೆ. ಹಾಗೆ ಹೊರಗಿಟ್ಟದ್ದನ್ನು ಯಾರು ಬೇಕಾದರೂ ಒಯ್ಯಬಹುದು, ಒಯ್ದವರಿಗೆ ದೋಷವಿಲ್ಲ. ಹೊರಗಿಟ್ಟವರು ಮಾತ್ರ ಅದನ್ನು ಮತ್ತೆ ಒಳಗೆ ತರುವ ಹಾಗಿಲ್ಲ.

ಊರಿನ ಹೆಂಗಸರು ಎಲ್ಲೋ ಹೊರಟವರ ಹಾಗೆ ಮುಖ ಮಾಡಿಕೊಂಡು ದೊಡ್ಡಮನೆಯ ಅಂಗಳಕ್ಕೇ ಬಂದು ನಿಂತರು. ಮಕ್ಕಳಿಲ್ಲದ ಒಬ್ಬಳು ತೊಟ್ಟಿಲು ಹೊತ್ತಳು. ಇಬ್ಬರು ಒಂದೇ ಮೊರದ ಎರಡು ತುದಿ ಹಿಡಿದು, “ನೀನೇ ಇಟ್ಕೊ ಅಕ್ಕಾ”, “ಬ್ಯಾಡ ತಂಗಿ, ನೀನೇ ಇಟ್ಕೊ” ಎಂದು ಬಾಯಲ್ಲಿ ಮರ್ಯಾದೆ ಮಾಡುತ್ತ ಮಾಡುತ್ತಲೇ ಮೊರ ಹರಿದರು. ಪಿಚ್ಚೈಯಮ್ಮಾಳ್ ತಿಣ್ಣೆಯ ಮೇಲೆ ಕೂತು ಇದನ್ನೆಲ್ಲ ನೋಡಿ ಸಂತೋಷಪಟ್ಟಳು.

ಕರುಪ್ಪಾಯಿ ಕಣ್ಣಿಟ್ಟದ್ದು ಬೀಸುವ ಕಲ್ಲಿನ ಮೇಲೆ. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಅವಳಿಗೆ ಸ್ವಂತ ಬೀಸುವ ಕಲ್ಲೆಂಬುದಿರಲಿಲ್ಲ. ಯಾರ ಮನೆಯಲ್ಲಾದರೂ ಅವರ ಬೀಸಾಟ ಮುಗಿಯುವ ತನಕ ರಾಗಿಯ ಗಂಟು ಹಿಡಿದು ಕಾಯಬೇಕು, ಕಾಯುವಾಗ ಅವರ ಮಗುವನ್ನು ಆಡಿಸಬೇಕು. ಆ ಕಾಯುವಿಕೆ ಅವಳಿಗೆ ಸಾಕಾಗಿಹೋಗಿತ್ತು. ದೊಡ್ಡಮನೆಯ ಕಲ್ಲಿನ ಅಂಚು ಒಡೆದಿತ್ತು, ಮೈಯೆಲ್ಲ ಸವೆದು ನುಣ್ಣಗಾಗಿತ್ತು. ಆದರೂ ಕಲ್ಲು ಕಲ್ಲೇ.

“ಹೊತ್ಕೊಂಡು ಹೋಗೇ ಹುಡ್ಗಿ! ಸುಮ್ಮಾ ಕೊಡ್ತಾ ಇವ್ನಿ. ನಮ್ಮನೆ ಸೊಸೆ ಹಂಗಲ್ವಾ ನೀನು” ಎಂದಳು ಪಿಚ್ಚೈಯಮ್ಮಾಳ್, ಆಚೆ ಬೀದಿಗೂ ಕೇಳುವಂತೆ.

ಕರುಪ್ಪಾಯಿ ಕಲ್ಲುಕುಟಿಗನಿಗೆ ಕಾಳು ಅಳೆದುಕೊಟ್ಟು ಕಲ್ಲಿಗೆ ಉಳಿಯಿಂದ ಹೊಸದಾಗಿ ಗುಳಿ ಹೊಡೆಸಿದಳು, ಹೊಸ ಗೂಟ ಹಾಕಿಸಿದಳು. ಆಮೇಲೆ ರಾಗಿ ಬೀಸಿ ಮೊದಲ ಹಿಟ್ಟನ್ನು ಬಟ್ಟಲಲ್ಲಿ ತುಂಬಿಕೊಂಡು ದೊಡ್ಡಮನೆಗೆ ಹೋದಳು. ಅದು ಅವರಲ್ಲಿ ನಡೆದುಬಂದ ರೀತಿ. ಸಾಮಾನು ಪುಕ್ಕಟೆ ಬಂದರೆ ಅದರಿಂದ ಆದ ಮೊದಲನೆಯದನ್ನು ಕೊಟ್ಟ ಮನೆಗೆ ಒಯ್ಯಬೇಕು. ಬೀಸುವ ಕಲ್ಲಾದರೆ ಹಿಟ್ಟು, ಮಡಕೆಯಾದರೆ ಅನ್ನ. ಕೊಟ್ಟವಳು ಸೆರಗೊಡ್ಡಿ ಅದನ್ನು ಹಿಡಿಯಬೇಕು. ಹಿಡಿದಳೋ, ಅಲ್ಲಿಗೆ ಲೆಕ್ಕ ಮುಗಿಯಿತು, ಕೊಟ್ಟವರೂ ದೊಡ್ಡವರಲ್ಲ, ತೆಗೆದುಕೊಂಡವರೂ ಚಿಕ್ಕವರಲ್ಲ.

ಪಿಚ್ಚೈಯಮ್ಮಾಳ್ ಸೆರಗೊಡ್ಡಲಿಲ್ಲ. “ಅಯ್ಯೋ ಹುಚ್ಚಿ, ನಮಗ್ಯಾತಕ್ಕೆ ಹಿಟ್ಟು? ನಾವೇನು ಬ್ಯಾರೆಯವರಾ? ತಕ್ಕೊಂಡು ಹೋಗು, ನೀನೂ ನಿನ್ನ ಗಂಡನೂ ಉಣ್ಣಿ” ಎಂದು ಕೆನ್ನೆ ಸವರಿದಳು. ಇಷ್ಟು ದೊಡ್ಡ ಮನಸ್ಸೇ ಎಂದು ಕರುಪ್ಪಾಯಿಯ ಕಣ್ಣು ತುಂಬಿ ಬಂತು. ಹಿಟ್ಟನ್ನು ಮನೆಗೆ ತಂದು ಮುದ್ದೆ ಕೂಡಿಸಿ ಗಂಡನಿಗೆ ಬಡಿಸಿದಳು, ತಾನೂ ಉಂಡಳು. ಪೆದ್ದಿ! ಅವಳು ಮಾಡಿದ ತಪ್ಪೆಂದರೆ ಅದೊಂದೇ.

ಯಾಕೆಂದರೆ ಮುಗಿಯದ ಲೆಕ್ಕಕ್ಕೆ ಬಾಯಿ ಬಂತು. ಶಿವರಾತ್ರಿ ಬರುವ ಮಾಸಿ ತಿಂಗಳಲ್ಲಿ, “ನಮ್ಮ ಕಲ್ಲು ಚೆನ್ನಾಗಿ ಬೀಸ್ತದಾ ಕರುಪ್ಪಾಯೀ? ಹಂಗೇ ಬಂದು ಒಂದು ಗಳಿಗೆ ಭತ್ತ ಬೇಯಿಸಿಕೊಟ್ಟು ಹೋಗು” ಎಂದು ಕರೆ ಬಂತು. ಹೋದಳು. ಆಮೇಲೆ ಹುಣಸೆಹಣ್ಣು ಬಿಡಿಸುವುದಕ್ಕೆ. ಆಮೇಲೆ ಕೊಟ್ಟಿಗೆಯ ಗೋಡೆಗೆ ಮಣ್ಣು ಮೆತ್ತುವುದಕ್ಕೆ. ಕೂಲಿ ಎಂಬ ಮಾತೇ ಇಲ್ಲ. ಮನೆ ಸೊಸೆಗೆ ಯಾರಾದರೂ ಕೂಲಿ ಕೊಡುತ್ತಾರೆಯೇ! ಒಂದು ಸಲ ಮೈ ಬಿಸಿಯಾಗಿ ಮಲಗಿದ್ದಾಗ ಹೋಗಲಿಲ್ಲ. ಅದಕ್ಕೆ ಪಿಚ್ಚೈಯಮ್ಮಾಳ್ ನೀರು ಸೇದುವ ಬಾವಿಯ ಹತ್ತಿರ ನಾಲ್ಕು ಜನರ ಮುಂದೆ, “ತಕ್ಕೊಳ್ಳೋವಾಗ ಎರಡು ಕೈ, ಮಾಡೋವಾಗ ಒಂದೂ ಇಲ್ಲ” ಎಂದಿದ್ದಳು. ಅದನ್ನು ಕೇಳಿ ಕರುಪ್ಪಾಯಿಗೆ ಊಟ ಸೇರಲಿಲ್ಲ.

ಮುಂಗಾರಿನ ಆನಿ ತಿಂಗಳು ಬಂತು. ಕಾಲುವೆಯಲ್ಲಿ ಕೆಂಪು ನೀರು ಹರಿಯಿತು. ಕರುಪ್ಪಾಯಿಗೂ ಅವಳ ಗಂಡ ಮಾಯಾಂಡಿಗೂ ಕಾಲುವೆಯ ಬಾಲದಲ್ಲಿ ಒಂದು ತುಂಡು ನೆಲವಿತ್ತು. ಮಾಯಾಂಡಿಯ ಅಪ್ಪನ ಕಾಲದಿಂದ ಅಲ್ಲಿ ಜೋಳ ಬಿಟ್ಟರೆ ಬೇರೆ ಬೆಳೆದದ್ದಿಲ್ಲ. ಆ ವರ್ಷ ಮೊದಲ ಬಾರಿಗೆ ಭತ್ತ ಹಾಕಬೇಕೆಂದು ಇಬ್ಬರೂ ಬದು ಕಟ್ಟಿದ್ದರು, ಮೂಲೆಯಲ್ಲಿ ನಾತು, ಅಂದರೆ ನಾಟಿಯ ಸಸಿ, ಮಾಡಿದ್ದರು. ಸ್ವಂತ ಗದ್ದೆಯ ಅನ್ನ ಉಣ್ಣಬೇಕೆಂಬುದು ಕರುಪ್ಪಾಯಿಯ ಆಸೆ. ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ, ದೃಷ್ಟಿ ತಾಗೀತೆಂಬ ಭಯ.

ಒಂದು ಸಂಜೆ ನೀರುಗಂಟಿ ಕಾಳಿಮುತ್ತು ಬದುವಿನ ಮೇಲೆ ಬಂದು ನಿಂತ. “ನಾಳೆ ಹೊತ್ತಾರೆ ನೀರಿನ ಮುರೆ ನಿಮ್ಮದು. ಹೊತ್ತು ಮುಳುಗೋ ತನಕ ನೀರು ಬಿಡ್ತೀನಿ. ಆಮೇಲೆ ಕಾಲುವೆ ಮಡೆ ಮುಚ್ಚಿದ್ರೆ ಮತ್ತೆ ಅಮಾಸೆ ಕಳೆದ ಮೇಲೇ. ನಿಮ್ಮ ನಾತು ಆಗಲೇ ಹಳದಿ ತಿರುಗ್ತಾ ಅದೆ, ನೋಡಿಕೊಳ್ಳಿ” ಎಂದು ಹೇಳಿ ಹೋದ. ನಾಳೆ ನಾಟಿಯಾಗದಿದ್ದರೆ ಸಸಿ ಬಲಿತು ದನದ ಬಾಯಿಗೆ ಎಂಬುದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದರೆ ದೊಡ್ಡಮನೆಯ ಆಳು ಬಾಗಿಲಲ್ಲಿ ನಿಂತಿದ್ದ. ನಾಳೆ ದೊಡ್ಡಮನೆಯ ಗದ್ದೆಯ ನಾಟಿ, ಕರುಪ್ಪಾಯಿ ಹೊತ್ತಿಗೆ ಮುಂಚೆ ಬರಬೇಕಂತೆ.

“ಒಂದು ದಿನ ತಾನೇ, ಹೋಗಿ ಬಾ” ಎಂದ ಮಾಯಾಂಡಿ, ಅವಳ ಮುಖ ನೋಡದೆ. “ಅವರ ಕಲ್ಲಲ್ಲಿ ಬೀಸಿ ಉಂಡಿದೀವಿ. ನಾನೊಬ್ಬನೇ ಎಷ್ಟಾಗ್ತದೋ ಅಷ್ಟು ನೆಡ್ತೀನಿ.”

ಮಾಯಾಂಡಿ ಸೋದರತ್ತೆಯ ಮಗ; ಕರುಪ್ಪಾಯಿ ಅವನನ್ನು ಚಿಕ್ಕಂದಿನಿಂದ ಮಾವ ಎಂದೇ ಕರೆಯುತ್ತಿದ್ದಳು. “ಮಾವಾ, ನಿನ್ನೊಬ್ಬನ ಕೈಲಿ ಎರಡು ಸಾಲೂ ಆಗದು” ಎಂದಳು. ಅಷ್ಟು ಹೇಳಿ ನೆರೆಮನೆಯ ವಳ್ಳಿಯ ಹತ್ತಿರ ಹೋದಳು, ತನ್ನ ಬದಲಿಗೆ ದೊಡ್ಡಮನೆಗೆ ಹೋಗಲು ಯಾರಾದರೂ ಸಿಕ್ಕಾರೇ ಎಂದು ಕೇಳಲು. ವಳ್ಳಿಗೂ ದೊಡ್ಡಮನೆಯಿಂದ ಅದೇ ಕರೆ ಬಂದಿತ್ತು.

“ನಾನೂ ಹೋಗ್ಲೇಬೇಕು ಅಕ್ಕಾ. ಕಿವಿ ಮುರಿದ ಕಡಾಯಿ ತಂದೆನಲ್ಲ” ಎಂದಳು ವಳ್ಳಿ.

“ಅದರಲ್ಲಿ ಮಾಡಿದ ಮೊದಲ ಸಾರು ಕೊಟ್ಟು ಬರಲಿಲ್ವಾ ನೀನು?”

“ಒಯ್ದೆ. ಬ್ಯಾಡ ಅಂದ್ರು. ನಾವೇನು ಬ್ಯಾರೆಯವರಾ ಅಂದ್ರು.”

ಈ ಮಾತಿಗೆ ಕರುಪ್ಪಾಯಿಗೆ ಬಂದ ಕೋಪ ಸಣ್ಣದಲ್ಲ. ಕೆನ್ನೆ ಸವರಿಸಿಕೊಂಡು ಕಣ್ಣು ತುಂಬಿಕೊಂಡದ್ದು ನೆನಪಾಗಿ ತನ್ನ ಮೇಲೇ ಮೊದಲು ಕೋಪ ಬಂತು. ತೊಟ್ಟಿಲು ಹೊತ್ತವಳು, ಮೊರ ಹರಿದವರು, ಚಾಪೆ ಸುತ್ತಿಕೊಂಡವರು, ಎಲ್ಲರೂ ನಾಳೆ ದೊಡ್ಡಮನೆಯ ಗದ್ದೆಯಲ್ಲಿ ಬಗ್ಗಿರುತ್ತಾರೆ. ಯಾರ ಕೈಯಿಂದಲೂ ಆ ಪುಣ್ಯವತಿ ಏನನ್ನೂ ತೆಗೆದುಕೊಂಡಿಲ್ಲ. ತೆಗೆದುಕೊಳ್ಳದೆ ಇಷ್ಟು ಜನರನ್ನು ಕಟ್ಟಿಹಾಕಿದ್ದಾಳೆ! ಎಲ್ಲರ ಆಸೆಯನ್ನೂ ತಿಣ್ಣೆಯ ಮೇಲೆ ಕೂತು ನೋಡಿ ನಕ್ಕವಳ ಆಸೆ ಎಲ್ಲರದಕ್ಕಿಂತ ದೊಡ್ಡದು.

ಬೆಳಕು ಹರಿಯುವಾಗ ಕರುಪ್ಪಾಯಿ ಸಿಂಬೆ ಸುತ್ತಿ ಮೇಲಿನ ಕಲ್ಲನ್ನು ತಲೆಗೆ ಹೊತ್ತಳು. ಸೊಂಟದಲ್ಲಿ ರಾಗಿಯ ಗಂಟು. ಕೆಳಗಿನ ಕಲ್ಲು ಮಾಯಾಂಡಿಯ ಹೆಗಲಿಗೆ.

“ಜಗಳ ಬ್ಯಾಡಮ್ಮಾ” ಎಂದ ಅವನು ದಾರಿಯುದ್ದಕ್ಕೂ. “ಅವರ ಹತ್ರ ಮುಖ ಕೆಡಿಸಿಕೊಂಡು ಊರಲ್ಲಿ ಬಾಳಕ್ಕಾಯ್ತದಾ?”

“ನೀನು ಕಲ್ಲು ಇಳಿಸಿ ಗದ್ದೆಗೆ ಹೋಗು ಮಾವಾ. ಮಡೆ ತೆಗೆದು ನೀರು ಕಟ್ಟು. ಮಿಕ್ಕದ್ದು ನಾನು ನೋಡ್ಕೋತೀನಿ.”

ದೊಡ್ಡಮನೆಯ ಅಂಗಳದಲ್ಲಿ ನಾಟಿಯ ಹೆಂಗಸರು ಆಗಲೇ ಸೇರಿದ್ದರು. ಮಾಯಾಂಡಿ ಕಲ್ಲನ್ನು ಅಂಗಳದ ನಡುವೆ ಇಳಿಸಿ, ಯಾರ ಕಣ್ಣಿಗೂ ಬೀಳದವನಂತೆ ಹೊರಟುಹೋದ. ಕರುಪ್ಪಾಯಿ ಕಾಲು ಚಾಚಿ ಕೂತು ಕಲ್ಲು ಜೋಡಿಸಿ ರಾಗಿ ಹಾಕಿ ಬೀಸತೊಡಗಿದಳು. ಕಲ್ಲು ತಿರುಗುವ ಸದ್ದಿಗೆ ಪಿಚ್ಚೈಯಮ್ಮಾಳ್ ಹೊರಗೆ ಬಂದಳು.

“ಏನೇ ಇದು, ಹೊತ್ತಾರೆ ನಮ್ಮ ಅಂಗಳದಲ್ಲಿ?”

“ಮೊದಲ ಹಿಟ್ಟು ಬೀಸ್ತಾ ಇವ್ನಿ ಅತ್ತೆ. ಅವತ್ತು ನೀವು ಹಿಡೀಲಿಲ್ಲ. ಹೋದಲ್ಲೆಲ್ಲ ನಮ್ಮ ಕಲ್ಲು ಅಂತೀರಿ. ನಿಮ್ಮದಾಗಿದ್ರೆ ನಿಮ್ಮ ಅಂಗಳದಲ್ಲೇ ಬೀಸದು ನ್ಯಾಯ ಅಲ್ವಾ?”

ಪಿಚ್ಚೈಯಮ್ಮಾಳ್ ನಕ್ಕಳು. ನಗುವುದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಿತ್ತು. “ಹಿಟ್ಟು ಬ್ಯಾಡ ಅಂತ ಅವತ್ತೇ ಹೇಳ್ಲಿಲ್ವಾ? ಸುಮ್ಮಾ ಕೊಟ್ಟದ್ದಮ್ಮಾ. ಏಳು, ನಾಟಿ ವೇಲೆಗೆ ಹೊತ್ತಾಯ್ತು.”

“ಸುಮ್ಮಾ ಕೊಟ್ಟದ್ದಕ್ಕೆ ಭತ್ತ ಬೇಯಿಸಿದೆ. ಹುಣಸೆ ಬಿಡಿಸಿದೆ. ಗೋಡೆ ಮೆತ್ತಿದೆ. ಇವತ್ತು ನನ್ನ ನಾತು ಒಣಗ್ಲಿ ಅಂತೀರಿ. ಇಷ್ಟು ಬೆಲೆಯ ಕಲ್ಲು ಮಧುರೈ ಪೇಟೇಲೂ ಇಲ್ಲ ಅತ್ತೆ. ಹಿಟ್ಟು ಬ್ಯಾಡ ಅಂದ್ರೆ ಕಲ್ಲೇ ಇಟ್ಟುಕೊಳ್ಳಿ. ಹೊತ್ತು ಒಳಗೆ ಇಟ್ಟುಬಿಟ್ಟು ಹೋಗ್ತೀನಿ” ಎಂದು ಕರುಪ್ಪಾಯಿ ಮೇಲಿನ ಕಲ್ಲನ್ನು ಎತ್ತಿ ಎದೆಗೊತ್ತಿಕೊಂಡು ಹೊಸಲಿನ ಕಡೆ ನಡೆದಳು.

“ಏಯ್! ನಿಲ್ಲೇ!” ಪಿಚ್ಚೈಯಮ್ಮಾಳ್ ಎರಡು ಕೈಯನ್ನೂ ಬಾಗಿಲಿಗೆ ಅಡ್ಡ ಚಾಚಿದಳು. “ಭೋಗೀಲಿ ಹೊರಗೆ ಹಾಕಿದ್ದನ್ನ ಒಳಗೆ ತತ್ತಾರಾ ಯಾರಾದ್ರೂ? ನಮ್ಮ ಮನೆಗೆ ಮೂದೇವಿ ಹೊಗಿಸ್ತೀಯಾ?”

“ಹಂಗಾದ್ರೆ ಸೆರಗೊಡ್ಡಿ.”

ಈಗ ಅಂಗಳದಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಪಿಚ್ಚೈಯಮ್ಮಾಳಿಗೂ ಆಯಿತು. ಕಲ್ಲು ಒಳಗೆ ಬರುವ ಹಾಗಿಲ್ಲ, ಹಿಟ್ಟು ಬೇಡವೆಂದು ಇನ್ನೊಂದು ಸಲ ಹೇಳಿದರೆ ಇಷ್ಟು ಹೆಂಗಸರ ಮುಂದೆ ಕುಲದ ರೀತಿ ಮುರಿದವಳಾಗುತ್ತಾಳೆ. ಅವಳ ಮುಖ ಕೆಂಪೇರಿತು. “ಹಿರಿಯರ ಮುಂದೆ ಮಾತಾಡೋ ಮರ್ಯಾದೆ ಕಲಿಸಲಿಲ್ವಾ ನಿನ್ನ ತಾಯಿ?” ಎಂದಳು.

“ಕಲಿಸಿದಾಳೆ ಅತ್ತೆ. ಸುಮ್ಮಾ ಬಂದದ್ದಕ್ಕೆ ಮೊದಲನೇದು ಕೊಡು ಅಂತ ಕಲಿಸಿದಾಳೆ. ಕೊಡೋಕೆ ಬಂದಿವ್ನಿ. ತಕ್ಕೊಳ್ಳೋ ಮರ್ಯಾದೆ ನಿಮ್ಮದು.”

ಕಲ್ಲಿನ ಭಾರಕ್ಕೆ ಅವಳ ತೋಳು ಉರಿಯುತ್ತಿತ್ತು. ಆದರೂ ಇಳಿಸಲಿಲ್ಲ. ಬಾಗಿಲಲ್ಲಿ ಪಿಚ್ಚೈಯಮ್ಮಾಳ್ ಕೈಚಾಚಿ ನಿಂತಿದ್ದಳು, ಎದುರಿಗೆ ಕರುಪ್ಪಾಯಿ ಕಲ್ಲು ಹೊತ್ತು ನಿಂತಿದ್ದಳು. ಮುದುಕಿಯೊಬ್ಬಳು, “ಹಿಡಿಯಮ್ಮಾ, ಹಿಟ್ಟು ತಾನೇ” ಎಂದು ಗೊಣಗಿದಳು. ಇನ್ನೊಬ್ಬಳು ಹೂಂ ಎಂದಳು. ಕೊನೆಗೆ ದೊಡ್ಡಮನೆಯಾಕೆ ಕೈ ಇಳಿಸಿ ಸೆರಗಿನ ತುದಿ ಹಿಡಿದಳು. ಕರುಪ್ಪಾಯಿ ಕಲ್ಲು ಕೆಳಗಿಟ್ಟು, ಹಿಟ್ಟನ್ನು ಬಳಿದು, ಬೊಗಸೆಯಲ್ಲಿ ತಂದು ಆ ಸೆರಗಿಗೆ ಹಾಕಿದಳು. ಹೊಸ ಗುಳಿಯ ಕಲ್ಲು, ಹಿಟ್ಟು ನುಣ್ಣಗಿತ್ತು. ಅವಳಿಗೆ ಅಳು ಬಂತು, ಆದರೆ ಅಲ್ಲಿ ಅಳಲಿಲ್ಲ.

ವಳ್ಳಿ ಎದ್ದು ನಿಂತಳು. “ಅಮ್ಮಾ, ಅಲ್ಲೇ ಇರಿ. ನಾನು ಮನೆಗೆ ಹೋಗಿ ಕಡಾಯೀಲಿ ಸಾರು ಕಾಸ್ಕೊಂಡು ಬತ್ತೀನಿ.” ಮೊರದ ಒಂದು ಅರ್ಧ ಒಯ್ದವಳು ಇನ್ನೊಂದು ಅರ್ಧ ಒಯ್ದವಳ ಮುಖ ನೋಡಿದಳು, ಇಬ್ಬರೂ ಒಟ್ಟಿಗೆ ಎದ್ದರು. ಒಬ್ಬೊಬ್ಬರಾಗಿ ಅಂಗಳ ಖಾಲಿಯಾಯಿತು. ಹಿಂತಿರುಗಿ ಬಂದು ಬಟ್ಟಲು ನೀಡಿದವರೆಲ್ಲರ ಮುಂದೆಯೂ ಪಿಚ್ಚೈಯಮ್ಮಾಳ್ ಸೆರಗು ಹಿಡಿಯಲೇಬೇಕಾಯಿತು. ತೊಟ್ಟಿಲು ಒಯ್ದವಳು ಮಾತ್ರ ಏನು ಕೊಡುವುದೆಂದು ತಿಳಿಯದೆ ಒಂದು ಹಿಡಿ ಬೆಲ್ಲ ತಂದಳಂತೆ.

ಬಿಸಿಲೇರುವ ಹೊತ್ತಿಗೆ ಕರುಪ್ಪಾಯಿ ಎರಡು ಕಲ್ಲನ್ನೂ ಮನೆಗೆ ಸೇರಿಸಿ ತನ್ನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿದ್ದಳು. ವಳ್ಳಿ ಅವಳ ಪಕ್ಕದಲ್ಲಿದ್ದಳು, ಇನ್ನೂ ಮೂವರು ಮುಯ್ಯಾಳಾಗಿ ಬಂದಿದ್ದರು. ಇವತ್ತು ಇವಳ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವಳು. ಮಾಯಾಂಡಿ ಸಸಿಯ ಕಟ್ಟುಗಳನ್ನು ಎಸೆಯುತ್ತಿದ್ದ. ಬೇಕಾದ್ದಕ್ಕಿಂತ ಜೋರಾಗಿಯೇ ಎಸೆಯುತ್ತಿದ್ದ.

ಹೊತ್ತು ಇಳಿಯುವಾಗ ದೊಡ್ಡಮನೆಯ ಸೊಸೆ ಬದುವಿನ ಮೇಲೆ ಬಂದು ನಿಂತಳು. ಮೆಲ್ಲಗಿನ ಹೆಣ್ಣು, ಅತ್ತೆಯ ಮಾತು ಹೊತ್ತು ತಿರುಗಿ ಬಳಲಿದ್ದಳು. “ಅಕ್ಕಾ, ನಮ್ಮ ಗದ್ದೇಲಿ ನಾತು ಹಂಗೇ ಬಿದ್ದದೆ. ನಾಳಿದ್ದಾದ್ರೂ ಬತ್ತಾಳಾ ಅಂತ ಅತ್ತೆ ಕೇಳ್ಕೊಂಡು ಬಾ ಅಂದ್ರು.”

ಕರುಪ್ಪಾಯಿ ಬಗ್ಗಿದ ಬೆನ್ನು ಎತ್ತಲಿಲ್ಲ. ಕೈಯಲ್ಲಿದ್ದ ಸಸಿಯನ್ನು ಕೆಸರಿಗೆ ಒತ್ತಿ, ಇನ್ನೊಂದನ್ನು ಬಿಡಿಸಿಕೊಂಡಳು.

“ಬತ್ತೀನಿ ತಂಗಿ” ಎಂದಳು. “ಕೂಲಿ ಏನು ಕೊಡ್ತಾರೆ ಅಂತ ಕೇಳ್ಕೊಂಡು ಬಾ.”