ಕೇಕಿಗೂ ಲೈಸೆನ್ಸು

ಊರಿಗೆ ವರ್ಗವಾಗಿ ಬಂದ ಮೂರೇ ತಿಂಗಳಲ್ಲಿ ಆ ಅಧಿಕಾರಿ ಒಳ್ಳೇ ಹೆಸರು ಮಾಡಿದ್ದರು. ಹೆಸರು ಅಂದರೆ ಅಡ್ಡಹೆಸರು: ಫೇಲಪ್ಪ. ಕಾರು ಓಡಿಸುವವರಿಗೆ ಲೈಸೆನ್ಸಿನ ಪರೀಕ್ಷೆ ಮಾಡುವುದು ಅವರ ಕೆಲಸ. ಪಕ್ಕದ ಸೀಟಿನಲ್ಲಿ ಕೂತರೆಂದರೆ ‘ಎಡಕ್ಕೆ’, ‘ಬಲಕ್ಕೆ’, ‘ನಿಲ್ಲಿಸಿ’, ಇಷ್ಟೇ ಮಾತು. ಗೋಗರೆದರೂ ಇಲ್ಲ, ಮಂತ್ರಿಯ ಚೀಟಿ ತಂದರೂ ಇಲ್ಲ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಪಾಸು ಬರೆದವರಲ್ಲ. ಸ್ವಂತ ಭಾಮೈದನನ್ನೇ ಎರಡು ಸಲ ಫೇಲ್ ಮಾಡಿ ಮಾವನ ಮನೆಯ ಊಟ ಕಳೆದುಕೊಂಡ ಮಹಾನುಭಾವರು!

ಇಂಥವರ ಮಗಳು ಗುಬ್ಬಿಗೆ ಏಳು ತುಂಬುವುದಿತ್ತು. ಹೊಸ ಶಾಲೆಯಲ್ಲಿ ಅವಳನ್ನು ಮಾತಾಡಿಸುವವರೇ ಇರಲಿಲ್ಲ. ಊಟದ ಡಬ್ಬಿಯನ್ನು ಒಬ್ಬಳೇ ಬಿಚ್ಚುತ್ತಿದ್ದಳು, ಒಬ್ಬಳೇ ಮುಚ್ಚುತ್ತಿದ್ದಳು. ಕಾರೆಂದರೆ ಪ್ರಾಣ ಬಿಡುವ ಹುಡುಗಿ. ಹುಟ್ಟುಹಬ್ಬದಲ್ಲಿ ತಿನ್ನುವುದೂ ಕಾರು, ಆಡುವುದೂ ಕಾರು ಆಗಬೇಕೆಂದು ಹಟ ಹಿಡಿದಳು.

“ನೋಡಿ, ಅವಳ ಕ್ಲಾಸಿನ ಮಕ್ಕಳನ್ನ ಕರ್ದಿದೀನಿ, ಬಂದವರು ನಗ್ತಾ ಮನೆಗೆ ಹೋಗ್ಬೇಕು,” ಎಂದು ಹೆಂಡತಿ ಮೊದಲೇ ಎಚ್ಚರಿಸಿದ್ದಳು. “ನಾಳೆಯಾದ್ರೂ ಅವಳಿಗೆ ಒಬ್ರು ಫ್ರೆಂಡ್ ಸಿಗ್ಲಿ.”

“ಆಟದ ವಿಷ್ಯ ನನಗೆ ಬಿಡು,” ಎಂದರು ಅವರು. ಅವಳು ಬಿಟ್ಟಳು. ಎಡವಟ್ಟಾಗಿದ್ದೇ ಅಲ್ಲಿ.

ಅವಳು ಬ್ರೆಡ್ಡಿನ ತುಂಡುಗಳಿಗೆ ಸೌತೆಕಾಯಿ ಬಿಲ್ಲೆಯ ಚಕ್ರ ಚುಚ್ಚಿ ಕಾರು ಮಾಡಿದಳು. ಕೆಂಪು, ಹಳದಿ, ಹಸಿರು ಹಣ್ಣಿನ ರಸಗಳನ್ನು ಸಿಗ್ನಲ್ಲಿನಂತೆ ಸಾಲಾಗಿಟ್ಟಳು. ಮಧ್ಯದಲ್ಲಿ ಟೈರಿನಾಕಾರದ ಚಾಕೊಲೇಟ್ ಕೇಕು. ಅವರು ಅಂಗಳದಲ್ಲಿ ಸೀಮೆಸುಣ್ಣದಿಂದ ರಸ್ತೆ ಎಳೆದರು, ಜೀಬ್ರಾ ಪಟ್ಟೆ ಬರೆದರು, ತಳ ಕತ್ತರಿಸಿದ ರಟ್ಟಿನ ಪೆಟ್ಟಿಗೆಗೆ ದಾರ ಕಟ್ಟಿ ಹೆಗಲಿಗೆ ನೇತುಹಾಕಿಕೊಳ್ಳುವ ಕಾರು ಮಾಡಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಒಳಗಿನಿಂದ ಆಫೀಸಿನ ಪ್ಯಾಡೂ ಪೆನ್ನೂ ಹೊರಬಂದವು. ಪಾಸಾದವರಿಗೆ ಲೈಸೆನ್ಸು, ಲೈಸೆನ್ಸಿದ್ದವರಿಗೆ ಕೇಕು ಎಂದು ಸಾರಿದರು.

ಹಲ್ಲು ಬಿದ್ದ ಹುಡುಗನೊಬ್ಬ ಮೊದಲಿಗೆ ‘ಬ್ರೂಂ’ ಎಂದು ಹೊರಟ.

“ಕನ್ನಡಿ ನೋಡ್ಲಿಲ್ಲ. ಫೇಲ್.”

“ಕನ್ನಡೀನೇ ಇಲ್ವಲ್ಲ ಅಂಕಲ್!”

“ಕನ್ನಡಿ ಇಲ್ಲದ ಗಾಡಿ ರಸ್ತೆಗಿಳಿಸಿದ್ದು ಇನ್ನೊಂದು ತಪ್ಪು.”

ಆಮೇಲೆ ಬಂದವಳು ಕೈ ತೋರಿಸದೆ ತಿರುಗಿದಳು, ಇನ್ನೊಬ್ಬ ಪಟ್ಟೆಯ ಮೇಲೇ ನಿಂತ, ಮತ್ತೊಬ್ಬಳು ಗಾಡಿ ಓಡಿಸುತ್ತಾ ಕಿಸಕ್ಕೆಂದಳು. ಹೀಗೆ ಬಂದ ಹನ್ನೊಂದು ಮಕ್ಕಳೂ ಫೇಲು. ಒಬ್ಬ ಪುಟ್ಟನಂತೂ ನಲ್ಲಿಯ ಹತ್ತಿರ ಕೂತು ಬಿಕ್ಕಿಬಿಕ್ಕಿ ಅಳತೊಡಗಿದ. ಹೆಂಡತಿ ಕಿಟಕಿಯಲ್ಲೇ ಹಣೆ ಚಚ್ಚಿಕೊಂಡಳು.

“ರೀ, ಮಕ್ಕಳು ಕಣ್ರೀ!”

“ರಸ್ತೆ ಅಂದ್ರೆ ರಸ್ತೆ.”

ಕೊನೆಗೆ ಗುಬ್ಬಿಯ ಸರದಿ. “ಅವಳು ಪಾಸೇ ಬಿಡೋ, ಅವರಪ್ಪಾನೇ ಅಲ್ವಾ,” ಎಂದು ಯಾರೋ ಪಿಸುಗುಟ್ಟಿದ್ದು ಕೇಳಿ ಅವಳ ಮುಖ ಬಾಡಿತು. ಆದರೂ ಎಂಥ ಚಾಲನೆ! ಇಲ್ಲದ ಕನ್ನಡಿಯನ್ನೂ ನೋಡಿದಳು, ಪಟ್ಟೆಯ ಮುಂಚೆಯೇ ನಿಂತಳು, ಕೈ ತೋರಿಸಿ ತಿರುಗಿದಳು. ಅಪ್ಪನ ಎದೆ ಉಬ್ಬಿತು. ಇನ್ನೇನು ಗುರಿ ಮುಟ್ಟಬೇಕು, ಅಷ್ಟರಲ್ಲಿ ಬಿಳಿ ಗೆರೆ ದಾಟಿ ನಲ್ಲಿಯ ಹತ್ತಿರ ಹೋಗಿ, “ಹತ್ಕೊಳ್ಳೋ,” ಎಂದು ಅಳುತ್ತಿದ್ದ ಪುಟ್ಟನನ್ನು ಪೆಟ್ಟಿಗೆಯೊಳಗೆ ಎಳೆದುಕೊಂಡಳು. ರಟ್ಟು ಪರ್ರನೆ ಹರಿಯಿತು.

ಪೆನ್ನು ಒಂದು ಗಳಿಗೆ ತಡೆಯಿತು. ಒಂದೇ ಗಳಿಗೆ.

“ಗೆರೆ ದಾಟಿದ್ದು. ಒಬ್ಬರ ಗಾಡೀಲಿ ಇಬ್ಬರು. ಫೇಲ್.”

ಹೇಳಿದವರೇ ಅಲ್ಲಿ ನಿಲ್ಲಲಾರದೆ ಕೋಣೆ ಸೇರಿದರು. ಥೂ, ನಾನೂ ಒಬ್ಬ ಅಪ್ಪನೇ ಎಂದು ತಮ್ಮನ್ನು ತಾವೇ ಶಪಿಸಿಕೊಂಡರು. ಮಗು ನಾಳೆಯೂ ಒಬ್ಬಳೇ ಡಬ್ಬಿ ಬಿಚ್ಚುವುದು ಕಣ್ಣಿಗೆ ಕಟ್ಟಿತು. ಒಂದು ಕಾರ್ಡು ತೆಗೆದು, ಮಗಳ ಹೆಸರು ಬರೆದು, ‘ಪಾಸ್’ ಎಂದು ಗೀಚಿ ಸಹಿ ಹಾಕಿದರು. ಜೀವಮಾನದ ಮೊದಲ ಸುಳ್ಳು ಪಾಸು!

ಗುಬ್ಬಿ ಏದುಸಿರು ಬಿಡುತ್ತಾ ಒಳಗೆ ಬಂದಳು. ಮುಖವೆಲ್ಲ ಚಾಕೊಲೇಟು.

“ತಗೋ ಮರಿ,” ಎಂದು ಕಾರ್ಡು ಚಾಚಿದರು.

ಅವಳು ಓದಿ ಬೆಚ್ಚಿ, ಬಾಗಿಲ ಕಡೆ ನೋಡಿದಳು. “ಅಯ್ಯೋ ಅಪ್ಪಾ, ಹರಿದ್ಹಾಕು! ಅವರು ನೋಡಿದ್ರೆ ನನ್ನನ್ನ ಸೇರಿಸ್ಕೊಳ್ಳಲ್ಲ. ಸ್ವಂತ ಮಗಳನ್ನೂ ಬಿಡ್ಲಿಲ್ವಲ್ಲ ಅಂತ ಎಲ್ರೂ ನನ್ನ ಕಡೆ ಈಗ. ಲೈಸೆನ್ಸಿಲ್ದೇನೇ ಕೇಕ್ ತಿಂತಿದೀವಿ!”

“ಗುಬ್ಬೀ, ಬೇಗ ಬಾರೇ!” ಎಂದು ಹೊರಗಿನಿಂದ ನಾಲ್ಕಾರು ದನಿಗಳು ಒಟ್ಟಿಗೆ ಕೂಗಿದವು. ಈ ಊರಿನಲ್ಲಿ ಅವಳನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು. ಅವರು ಕಾರ್ಡನ್ನು ಚೂರು ಚೂರು ಮಾಡಿದರು.

“ಆಮೇಲೆ ನೀನೂ ಬಾ,” ಎಂದಳು ಮಗಳು, ಬಾಗಿಲು ದಾಟುತ್ತಾ. “ಬೈಕೊಂಡು ಬಾ. ನೀನು ಹಿಡಿಯೋಕೆ ಬಂದ್ರೆ ಓಡಿಹೋಗೋದು ಅಂತ ಆಟ.”

ಅವರು ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿ ನೋಡಿದರು. ದಿನವೂ ಆಫೀಸಿನಲ್ಲಿ ಸಲೀಸಾಗಿ ಬರುತ್ತಿದ್ದ ಆ ಮುಖ, ಅವತ್ತು ಏನು ಮಾಡಿದರೂ ಬರಲಿಲ್ಲ.