ಗವಿಯೊಳಗಿನ ನೀರು

ಕೊನೆಯ ಬಂಡೆ ಹತ್ತಲು ಎರಡೂ ಕೈ ಬೇಕಿತ್ತು. ವೆಂಕಟಸ್ವಾಮಿ ಅದರ ಬುಡದಲ್ಲೇ ನಿಂತುಬಿಟ್ಟ. ಬೆಳಿಗ್ಗೆ ಮಾಗಡಿ ಬಸ್ಸಿನಿಂದ ಇಳಿದ ಮೇಲೆ ಮೂವರೂ ಮುಳ್ಳುಪೊದೆಗಳಲ್ಲಿ ನುಸುಳುತ್ತ, ಜಾರುವ ಕಲ್ಲುಗಳ ಮೇಲೆ ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದಿದ್ದರು. ಅಷ್ಟು ದಾರಿಯಲ್ಲೂ ಅವನು ಎಡಗೈಯನ್ನು ತುಂಬುತೋಳಿನ ಅಂಗಿಯಿಂದ ಹೊರಗೆ ತೆಗೆದಿರಲಿಲ್ಲ.

ರಾಜಾಜಿನಗರದ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಆ ಕೈಯ ಅಂಗೈ ಹೋಗಿ ಆರು ತಿಂಗಳಾಗಿತ್ತು. ಈಗ ಅವನಿಗೆ ಗೇಟಿನ ಬಳಿ ಕೂರುವ ಕೆಲಸ. ಊಟದ ಹೊತ್ತಿಗೂ ಯಾರೊಂದಿಗೂ ಸೇರುತ್ತಿರಲಿಲ್ಲ. ಅವನೂರು ಮಾರೇನಹಳ್ಳಿಯ ಬಾವಿಗಳಲ್ಲಿ ಅವನಂತೆ ಈಜುವವರು ಇನ್ನೊಬ್ಬರಿರಲಿಲ್ಲ ಎಂಬುದು ಜೊತೆ ಕೆಲಸಗಾರರಾದ ಕೆಂಚಪ್ಪನಿಗೂ ಪದ್ಮನಾಭನಿಗೂ ಗೊತ್ತಿತ್ತು. ಬೆಟ್ಟದ ಗವಿಯಲ್ಲಿ ನೀರಿದೆ, ಭಾನುವಾರ ಹೋಗೋಣ ಎಂದು ಅವನ ಬೆನ್ನುಬಿದ್ದು ಒಪ್ಪಿಸಿದ್ದರು. ತಾನು ನೀರಿಗಿಳಿಯುವುದಿಲ್ಲ ಎಂದು ಹೇಳಿಯೇ ಅವನು ಹೊರಟಿದ್ದ.

"ನೀವು ಹೋಗಿ ಬನ್ರೋ. ನಾನಿಲ್ಲೇ ನೆರಳಲ್ಲಿ ಕೂತಿರ್ತೀನಿ," ಎಂದ.

ಆಗಲೇ ಮೇಲೆ ಹತ್ತಿದ್ದ ಕೆಂಚಪ್ಪ ಬಂಡೆಯ ಮೇಲೆ ಬೋರಲು ಮಲಗಿ ಎರಡೂ ಕೈ ಕೆಳಗೆ ಚಾಚಿದ. "ಕೊಡಣ್ಣ."

ವೆಂಕಟಸ್ವಾಮಿ ಬಲಗೈ ಕೊಟ್ಟ.

"ಇನ್ನೊಂದೂ ಕೊಡು."

"ಅದ್ರಲ್ಲೇನಿದೆಯೋ ಹಿಡಿಯೋಕೆ?"

"ತೋಳಿದೆಯಲ್ಲ. ಬೇಗ ಕೊಡಣ್ಣ, ಬಂಡೆ ಸುಡ್ತಾ ಇದೆ, ಹೊಟ್ಟೆ ಬೆಂದುಹೋಯ್ತು!"

ಕೆಳಗೆ ಪದ್ಮನಾಭ ಅವನ ಪಾದಕ್ಕೆ ಹೆಗಲು ಕೊಟ್ಟ. ವೆಂಕಟಸ್ವಾಮಿ ಕಣ್ಣು ಮುಚ್ಚಿಕೊಂಡು ಎಡಗೈ ಮೇಲೆತ್ತಿದ. ಅಂಗಿಯ ತೋಳು ಹಿಂದಕ್ಕೆ ಜಾರಿತು. ಆಸ್ಪತ್ರೆಯವರನ್ನು ಬಿಟ್ಟರೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಹೆಂಡತಿ ಅಂಜಮ್ಮ ಎಣ್ಣೆ ಹಚ್ಚಲು ಬಂದರೂ ಅವನು ಮಗ್ಗುಲು ಬದಲಿಸುತ್ತಿದ್ದ. ಕೆಂಚಪ್ಪನ ಒರಟು ಬೆರಳುಗಳು ಅದನ್ನು ಬಿಗಿಯಾಗಿ ಸುತ್ತಿಕೊಂಡು ಎಳೆದವು.

ಗವಿಯೊಳಗೆ ತಂಪಾಗಿತ್ತು. ಮೇಲಿನ ಬಿರುಕಿನಿಂದ ಬಿದ್ದ ಬಿಸಿಲಿನಲ್ಲಿ ನೀರು ಪಾಚಿಬಣ್ಣಕ್ಕೆ ಹೊಳೆಯುತ್ತಿತ್ತು. ಗೆಳೆಯರಿಬ್ಬರೂ ಧುಮುಕಿದರು. ವೆಂಕಟಸ್ವಾಮಿ ಕಾಲು ಇಳಿಬಿಟ್ಟು ಬಹಳ ಹೊತ್ತು ಅಂಚಿನಲ್ಲೇ ಕೂತಿದ್ದ. ಅವರಿಬ್ಬರೂ ಕರೆಯಲಿಲ್ಲ. ಕೊನೆಗೆ ತಾನೇ ಅಂಗಿ ಬಿಚ್ಚಿ, ಮಡಚಿಟ್ಟು, ನೀರಿಗೆ ಇಳಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೈ ಒಂದೇ ಕಡೆಗೆ ತಿರುಗತೊಡಗಿತು. ಗಾಬರಿಯಾಗಿ ನೀರು ಕುಡಿದ. ಕೆಂಚಪ್ಪ ಬಂದು ಬೆನ್ನ ಕೆಳಗೆ ಕೈ ಕೊಟ್ಟ.

"ಗಾಣದೆತ್ತಿನ ಥರ ಸುತ್ತುತ್ತಾ ಇದೀನಲ್ಲೋ!"

"ಸುತ್ತಣ್ಣ. ನಮಗೇನು ಯಾವೂರಿಗಾದ್ರೂ ಹೋಗ್ಬೇಕಾ?"

ವೆಂಕಟಸ್ವಾಮಿಗೆ ನಗು ತಡೆಯಲಾಗಲಿಲ್ಲ. ಕೆಮ್ಮುತ್ತ, ನಗುತ್ತ ಕಾಲು ಬಡಿದ. ಬೆನ್ನ ಕೆಳಗಿನ ಕೈ ಯಾವಾಗ ಸರಿಯಿತೋ ಅವನಿಗೆ ತಿಳಿಯಲಿಲ್ಲ. ಆಚೆ ದಡಕ್ಕೆ ತಲೆ ತಾಗಿದಾಗಲೇ ತಿರುಗಿ ನೋಡಿದ; ಕೆಂಚಪ್ಪ ದೂರದಲ್ಲಿ, ಏನೂ ಅರಿಯದವನಂತೆ, ಬೆನ್ನು ಉಜ್ಜಿಕೊಳ್ಳುತ್ತಿದ್ದ.

ವೆಂಕಟಸ್ವಾಮಿ ತೆವಳುತ್ತ ಬಂಡೆ ಹತ್ತಿದ. ಎದ್ದು ನಿಂತು, "ಪಕ್ಕಕ್ಕೆ ಹೋಗ್ರೋ!" ಎಂದು ಕೂಗಿ, ನೀರಿಗೆ ಹಾರಿದ.

ಅವನು ಹತ್ತಿದ ಕಡೆ, ಬಿಸಿಲು ಬಿದ್ದ ಕಲ್ಲಿನ ಮೇಲೆ, ಒಂದು ಒದ್ದೆ ಅಂಗೈಯ ಗುರುತೂ ಅದರ ಪಕ್ಕ ಒಂದು ದುಂಡನೆಯ ಗುರುತೂ ನಿಧಾನವಾಗಿ ಒಣಗುತ್ತಿದ್ದವು.